ಲಕ್ವ ಹೊಡೆದ ಅಪ್ಪನ ಬಲಗೈ: ಗದ್ದೆ ಒತ್ತೆ ಇಟ್ಟು ರೋಬೋಟ್ ಚಿಕಿತ್ಸೆಗೆ ಹೋಗಬೇಕಾ?

ಪ್ರಶ್ನೆ: ಕಾರಟಗಿಯಿಂದ ಒಬ್ಬ ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ನಾಲ್ಕು ಎಕರೆ ಗದ್ದೆ ಇದೆ. ಅಪ್ಪನಿಗೆ 58 ವರ್ಷ. ಏಳು ವಾರದ ಹಿಂದೆ, ನಾಟಿ ನಡೆಯುತ್ತಿದ್ದಾಗ, ಬದುವಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಲೋಟ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಏಳಲೇ ಇಲ್ಲ. ಮಾತು ತೊದಲಿತು, ಬಾಯಿ ಓರೆಯಾಯಿತು. ಪಿತ್ತ ಇರಬೇಕು ಎಂದು ಯಾರೋ ನೆರಳಿಗೆ ಮಲಗಿಸಿದರು. ನಾವು ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆರು ತಾಸು ಆಗಿತ್ತು. ಎಡಗಡೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದರು. ನಾಲ್ಕೂವರೆ ತಾಸಿನೊಳಗೆ ಬಂದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತಂತೆ. ಆ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಈಗ ಅಪ್ಪ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮಾತು ಮುಕ್ಕಾಲು ಪಾಲು ಬಂದಿದೆ. ಕೈ ಮಾತ್ರ ಬಂದಿಲ್ಲ. ಭುಜ ಸ್ವಲ್ಪ ಎತ್ತುತ್ತಾರೆ, ಮೊಣಕೈ ಮಡಚುತ್ತಾರೆ. ಟೇಬಲ್ ಮೇಲೆ ಕೈ ಇಟ್ಟರೆ ಮಣಿಕಟ್ಟು ಒಂದು ಬೆರಳಿನಷ್ಟು ಮೇಲೇಳುತ್ತದೆ. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಸ್ವಲ್ಪ ಬಿಚ್ಚುತ್ತವೆ, ಆಮೇಲೆ ತಾವಾಗಿ ಮುದುಡಿಕೊಳ್ಳುತ್ತವೆ. ಊಟ, ಫೋನು, ಅಂಗಿ ಗುಂಡಿ, ಎಲ್ಲಾ ಎಡಗೈಯಲ್ಲೇ. ಅರ್ಧ ಊಟ ಅವ್ವನೇ ತಿನ್ನಿಸುತ್ತಾಳೆ.

ಗಂಗಾವತಿಯಿಂದ ಒಬ್ಬ ಫಿಸಿಯೋ ವಾರಕ್ಕೆ ಎರಡು ಸಲ ಬರುತ್ತಾರೆ. ಒಂದು ಸಲಕ್ಕೆ 400 ರೂಪಾಯಿ, 40 ನಿಮಿಷ. ಉಳಿದ ದಿನ ನಾವೇ ಮಾಡಿಸುತ್ತೇವೆ. ನಮ್ಮ ಸಂಬಂಧಿಕರೊಬ್ಬರು ಜಂತಿಗೆ ಗಾಲಿ ಕಟ್ಟಿ ಹಗ್ಗ ಇಳಿಬಿಟ್ಟಿದ್ದಾರೆ. ಒಳ್ಳೆ ಕೈಯಿಂದ ಎಳೆದರೆ ಬಿದ್ದ ಕೈ ಮೇಲೆ ಹೋಗುತ್ತದೆ. ಎರಡು ವಾರದಿಂದ ಅದನ್ನೇ ದಿನಾ ನೂರು ಸಲ ಎಳೆಸುತ್ತಿದ್ದೇವೆ. ಈಗ ರಾತ್ರಿ ಭುಜ ನೋವು ಎಂದು ಅಪ್ಪ ಮಲಗುತ್ತಲೇ ಇಲ್ಲ. ಇನ್ನೊಬ್ಬರು ಸ್ಪಂಜಿನ ಚೆಂಡು ಕೊಟ್ಟು, ಹಿಸುಕುತ್ತಾ ಇರಲಿ ಎಂದಿದ್ದಾರೆ.

ಹೈದರಾಬಾದಿನಲ್ಲಿ ಕೈಗೆ ರೋಬೋಟ್ ಮಿಷನ್ ಹಾಕಿ ವ್ಯಾಯಾಮ ಮಾಡಿಸುತ್ತಾರಂತೆ. ಒಂದು ತಿಂಗಳು ಅಲ್ಲೇ ಉಳಿಯಬೇಕು. ಊಟ, ರೂಮು ಎಲ್ಲಾ ಸೇರಿ ಎರಡು ಲಕ್ಷದ ಮೇಲೆ ಆಗುತ್ತದೆ. ಒಂದು ಎಕರೆ ಒತ್ತೆ ಇಡಲು ನಾನು ತಯಾರಿದ್ದೇನೆ. ಮೂರು ತಿಂಗಳು ದಾಟಿದರೆ ಕೈ ಬರುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಹೋಗಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1: ರಾಯಚೂರಿನ ಫಿಸಿಯೋಥೆರಪಿಸ್ಟ್

ತಮ್ಮಾ, ಮೊದಲು ಆ ಹಗ್ಗವನ್ನು ಇವತ್ತೇ ಬಿಚ್ಚಿ. ಉಳಿದ ಮಾತು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಭುಜದ ಕೀಲು ಆಳವಾದ ಗುಂಡಿಯಲ್ಲಿ ಕೂತಿರುವುದಲ್ಲ. ಚಿಕ್ಕ ತಟ್ಟೆಯ ಮೇಲೆ ಚೆಂಡು ಇಟ್ಟ ಹಾಗೆ ಇದೆ. ಆ ಚೆಂಡನ್ನು ಜಾಗದಲ್ಲಿ ಹಿಡಿದಿರುವುದು ಸುತ್ತಲಿನ ಸ್ನಾಯುಗಳು. ಲಕ್ವ ಹೊಡೆದಾಗ ಅವು ಸೋಲುತ್ತವೆ. ಕೈಯ ಭಾರಕ್ಕೆ ಚೆಂಡು ಕೆಳಗೆ ಜಾರುತ್ತದೆ. ಭುಜದ ಮೂಳೆಯ ತುದಿ ಕೆಳಗೆ ಒತ್ತಿ ನೋಡಿದರೆ ಒಂದು ಬೆರಳು ಹೋಗುವಷ್ಟು ಗುಳಿ ಸಿಗಬಹುದು. ಇನ್ನೊಂದು ವಿಷಯ: ನಾವು ಕೈ ಎತ್ತುವಾಗ ಬೆನ್ನಿನ ಮೇಲಿನ ಹೆಗಲು ಮೂಳೆಯೂ ಜೊತೆಗೆ ತಿರುಗುತ್ತದೆ. ಹಗ್ಗಕ್ಕೆ ಅದು ಗೊತ್ತಿಲ್ಲ. ಅದು ತೋಳನ್ನು ಮಾತ್ರ ಎಳೆಯುತ್ತದೆ. ನಡುವಿನ ಸ್ನಾಯು ಎರಡು ಮೂಳೆಗೆ ಸಿಕ್ಕಿ ನಜ್ಜಾಗುತ್ತದೆ. ಲಕ್ವ ಆದವರಿಗೆ ತಲೆ ಮೇಲಿನ ಗಾಲಿ ಹಗ್ಗ ಬೇಡ ಎಂದು ನಾವು ಕಾಲೇಜಿನಲ್ಲೇ ಕಲಿತಿದ್ದೇವೆ. ಆದರೂ ನಾನು ಹೋದ ಹತ್ತು ಮನೆಯಲ್ಲಿ ನಾಲ್ಕು ಮನೆಯ ಜಂತಿಗೆ ಅದು ನೇತಾಡುತ್ತಿರುತ್ತದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ನೋವಿರುವ ಭುಜದ ಜೊತೆ ಯಾರೂ ವ್ಯಾಯಾಮ ಮಾಡುವುದಿಲ್ಲ. ವ್ಯಾಯಾಮ ಮಾಡದ ಕೈ ಬರುವುದಿಲ್ಲ.

ಇನ್ನು ಮೇಲೆ ಅಪ್ಪನನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಸೊಂಟಕ್ಕೆ ಒಂದು ಬೆಲ್ಟ್ ಹಾಕಿ ಅದನ್ನು ಹಿಡಿಯಿರಿ. ಕೂತಾಗ ಬಲಗೈ ಕೆಳಗೆ ದಿಂಬು ಇರಲಿ, ಕೈ ಜೋತು ಬೀಳಬಾರದು. ನಡೆಯುವಾಗ ಜೋಳಿಗೆ ಪಟ್ಟಿ ಹಾಕಬಹುದು, ಕೂತ ತಕ್ಷಣ ತೆಗೆಯಿರಿ. ದಿನವಿಡೀ ಹಾಕಿದರೆ ಮೊಣಕೈ ಮಡಚಿದ ಹಾಗೇ ಬಿಗಿಯಾಗುತ್ತದೆ. ಆ ನೋವನ್ನು ನಿಮ್ಮ ಡಾಕ್ಟರಿಗೂ ಒಮ್ಮೆ ತೋರಿಸಿ.

ಚೆಂಡಿನ ಬಗ್ಗೆ. ನಿಮ್ಮ ಅಪ್ಪನ ಬೆರಳು ತಾವಾಗಿ ಮುದುಡುತ್ತಿವೆ ಎಂದು ನೀವೇ ಬರೆದಿದ್ದೀರಿ. ಅಂದರೆ ಮುಚ್ಚುವ ಸ್ನಾಯುವಿಗೆ ಶಕ್ತಿ ಇದೆ. ಕಡಿಮೆ ಇರುವುದು ಬಿಚ್ಚುವ ಶಕ್ತಿ. ಇರುವುದನ್ನೇ ಮತ್ತೆ ಮತ್ತೆ ಹಿಸುಕಿಸಿ ಏನು ಪ್ರಯೋಜನ? ಚೆಂಡು ಹಿಡಿಯುವ ಬದಲು ಚೆಂಡು ಬಿಡುವುದನ್ನು ಕಲಿಸಿ. ಹಿಡಿದ ಸಾಮಾನನ್ನು ಡಬ್ಬಿಯೊಳಗೆ ಬಿಡಬೇಕು, ಅದೇ ಆಟ.

ಈಗ ಒಳ್ಳೆ ಸುದ್ದಿ. ಬೆರಳು ಸ್ವಲ್ಪ ಬಿಚ್ಚುತ್ತದೆ, ಮಣಿಕಟ್ಟು ಏಳುತ್ತದೆ ಎಂದಿರಿ. ನೀವು ಅದನ್ನು ಬೇಸರದಿಂದ ಬರೆದಿದ್ದೀರಿ, ನನಗೆ ಓದಿ ಖುಷಿಯಾಯಿತು. ನೆದರ್ಲೆಂಡ್ಸಿನವರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲಕ್ವ ಹೊಡೆದ 72 ತಾಸಿನೊಳಗೆ ಬೆರಳು ಸ್ವಲ್ಪ ಬಿಚ್ಚಿ, ತೋಳು ಸ್ವಲ್ಪ ಪಕ್ಕಕ್ಕೆ ಎತ್ತಿದವರಲ್ಲಿ 100ಕ್ಕೆ 98 ಜನರಿಗೆ ಆರು ತಿಂಗಳಿಗೆ ಒಂದಿಷ್ಟಾದರೂ ಕೈಕೆಲಸ ಬರುವ ಸಾಧ್ಯತೆ ಕಂಡಿತು. ಎರಡೂ ಆಗದವರಲ್ಲಿ ಅದು 25. ನಿಮ್ಮ ಅಪ್ಪನ ಮೊದಲ ಮೂರು ದಿನ ಹೇಗಿತ್ತೋ ಗೊತ್ತಿಲ್ಲ, ಹಾಗಾಗಿ ಆ ಲೆಕ್ಕ ನೇರವಾಗಿ ಹಚ್ಚಲಾರೆ. ಆದರೆ ಬೆರಳು ಬಿಚ್ಚುವ ಕೈ ಕೆಲಸ ಕಲಿಯುವ ಕೈ. ಮೂರು ತಿಂಗಳಿಗೆ ಬಾಗಿಲು ಮುಚ್ಚುತ್ತದೆ ಎನ್ನುವುದೂ ಸರಿಯಲ್ಲ. ಮೊದಲ ಮೂರು ತಿಂಗಳು ಬೇಗ ಬೇಗ ಬರುತ್ತದೆ, ಆಮೇಲೆ ನಿಧಾನ. ಅಷ್ಟೇ.

ರೋಬೋಟ್ ವಿಷಯ. ಇಂಗ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ 770 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. 2019ರಲ್ಲಿ ಫಲಿತಾಂಶ ಬಂತು. ರೋಬೋಟಿನಿಂದ ಕೈಯ ಕೆಲಸ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಜಾಸ್ತಿ ಸುಧಾರಿಸಲಿಲ್ಲ. ಮಿಷನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹತ್ತಿರದಲ್ಲೇ ಇದ್ದು, ಕಡಿಮೆ ದುಡ್ಡಿಗೆ ಸಿಕ್ಕಿದ್ದರೆ ನಾನೇ ಕಳಿಸುತ್ತಿದ್ದೆ. ಆದರೆ ಅದಕ್ಕಾಗಿ ಗದ್ದೆ ಒತ್ತೆ ಇಡಬೇಡಿ. ಮಿಷನ್ ಕೊಡುವುದು ಒಂದೇ: ಒಂದೇ ಚಲನೆ ಬಹಳ ಸಲ. ಆ ಬಹಳ ಸಲವನ್ನು ಮನೆಯಲ್ಲೂ ಕೊಡಬಹುದು, ಅದೂ ನಿಜವಾದ ಕೆಲಸದ ಮೂಲಕ.

ಬಹಳ ಸಲ ಅಂದರೆ ಎಷ್ಟು? ಅಮೆರಿಕದಲ್ಲಿ ಚಿಕಿತ್ಸೆ ನಡೆಯುವಾಗ ಪಕ್ಕದಲ್ಲಿ ಕೂತು ಎಣಿಸಿದರು. 2009ರಲ್ಲಿ ಬರೆದಿದ್ದಾರೆ. ಕೈಯಿಂದ ಕೆಲಸ ಮಾಡಿಸಿದ ಒಂದು ಸಲದ ಚಿಕಿತ್ಸೆಯಲ್ಲಿ ಸರಾಸರಿ 32 ಸಲ ಮಾತ್ರ ಆಗುತ್ತಿತ್ತು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಮೆದುಳು ಬದಲಾಗಲು ದಿನಕ್ಕೆ ನೂರಾರು ಸಲ ಬೇಕಾಗಿತ್ತು. ಆಮೇಲೆ ಒಬ್ಬ ಮನುಷ್ಯ ಒಂದು ತಾಸಿನಲ್ಲಿ 300 ಸಲ ಮಾಡಬಲ್ಲ ಎಂದೂ ತೋರಿಸಿದರು. ಹಾಗಂತ ಸಂಖ್ಯೆಯೇ ದೇವರಲ್ಲ. ಸುಲಭವಾದದ್ದನ್ನೇ 300 ಸಲ ಮಾಡಿದರೆ ಮೆದುಳು ಏನೂ ಕಲಿಯುವುದಿಲ್ಲ. ಹತ್ತಕ್ಕೆ ಏಳೆಂಟು ಸಲ ಗೆಲ್ಲುವಷ್ಟು ಕಷ್ಟ ಇರಬೇಕು. ಗೆಲುವು ಹತ್ತಕ್ಕೆ ಹತ್ತಾದ ದಿನ ಕಷ್ಟ ಹೆಚ್ಚಿಸಬೇಕು.

ನಿಮ್ಮದು ಭತ್ತದ ಮನೆ. ಮೊರದಲ್ಲಿ ಭತ್ತ ಹಾಕಿ. ಚಿಕ್ಕ ಲೋಟದಿಂದ ತುಂಬಿ ಡಬ್ಬಿಗೆ ಸುರಿಯಲಿ. ಮೊದಲ ವಾರ ಖಾಲಿ ಲೋಟ, ಆಮೇಲೆ ಕಾಲು, ಆಮೇಲೆ ಅರ್ಧ, ಕೊನೆಗೆ ಪಾವು. ಡಬ್ಬಿಯನ್ನು ದಿನಾ ಎರಡು ಇಂಚು ದೂರ ಸರಿಸಿ. ಅವರು ಮೈಯನ್ನು ಮುಂದೆ ಬಗ್ಗಿಸಿ ಮೋಸ ಮಾಡುತ್ತಾರೆ, ಎಲ್ಲರೂ ಮಾಡುತ್ತಾರೆ. ಬೆನ್ನನ್ನು ಕುರ್ಚಿಗೆ ಒಂದು ಮೆತ್ತನೆ ಪಂಚೆಯಿಂದ ಸಡಿಲವಾಗಿ ಕಟ್ಟಿ, ಮೊಣಕೈ ತಾನೇ ಚಾಚುವಂತೆ ನೋಡಿ. ಟೇಬಲ್ ಮೇಲೆ ಟವೆಲ್ ಇಟ್ಟು ಮುಂದೆ ಹಿಂದೆ ಒರೆಸಲಿ. ಶೇಂಗಾ ಕಾಯಿ ಒಂದೊಂದೇ ಎತ್ತಿ ಹಾಕಲಿ. ಕೈ ಎದೆ ಮಟ್ಟದಿಂದ ಮೇಲೆ ಹೋಗುವ ಕೆಲಸ ಸದ್ಯಕ್ಕೆ ಬೇಡ.

ಕನ್ನಡಿಯನ್ನೂ ಬಳಸಿ. ಎರಡು ಕೈ ನಡುವೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಮುಖ ಕಾಣುವ ಬದಿ ಒಳ್ಳೆ ಕೈ ಕಡೆಗಿರಲಿ. ಬಿದ್ದ ಕೈ ಹಿಂದೆ ಮರೆಯಾಗಿರಬೇಕು. ಕನ್ನಡಿ ನೋಡುತ್ತಾ ಎಡಗೈ ಬಿಚ್ಚಿ ಮುಚ್ಚಿದರೆ, ಬಲಗೈಯೇ ಬಿಚ್ಚಿ ಮುಚ್ಚಿದಂತೆ ಕಾಣುತ್ತದೆ. ಮರೆಯಲ್ಲಿ ಬಲಗೈಯೂ ಪ್ರಯತ್ನ ಮಾಡಬೇಕು. ಕೈ ಕಳೆದುಕೊಂಡವರ ಇಲ್ಲದ ಕೈಯ ನೋವಿಗೆ ಇದನ್ನು ಕಂಡುಹಿಡಿದವರು ವಿ. ಎಸ್. ರಾಮಚಂದ್ರನ್, ನಮ್ಮ ಪಕ್ಕದ ತಮಿಳುನಾಡಿನಲ್ಲಿ ಹುಟ್ಟಿದವರು. 1999ರಲ್ಲಿ ಅದನ್ನು ಲಕ್ವಕ್ಕೂ ಬಳಸಿ ನೋಡಿದರು. ದಿನಕ್ಕೆ 20 ನಿಮಿಷ ಸಾಕು. ಸ್ನಾಯುವಿಗೆ ಸಣ್ಣ ಕರೆಂಟ್ ಕೊಟ್ಟು ಅಲುಗಾಡಿಸುವ ಮಿಷನ್ ನಿಮ್ಮ ಫಿಸಿಯೋ ಹತ್ತಿರ ಇದ್ದರೆ ಮಣಿಕಟ್ಟು ಎತ್ತುವ ಸ್ನಾಯುವಿಗೆ ಹಚ್ಚಲು ಕೇಳಿ. ಕರೆಂಟ್ ಬಂದಾಗ ಅಪ್ಪನೂ ಎತ್ತಲು ಹೆಣಗಬೇಕು, ಸುಮ್ನೆ ಕೂತರೆ ಉಪಯೋಗ ಕಡಿಮೆ. ಎದೆಯಲ್ಲಿ ಹೃದಯದ ಬಡಿತ ಸರಿಮಾಡುವ ಪೇಸ್‌ಮೇಕರ್ ಇದ್ದವರಿಗೆ ಅದು ಬೇಡ.

ಒಂದು ಮಾತು ಬಿಚ್ಚಿ ಹೇಳಬೇಕು. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ, 1250 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರು. 2017ರಲ್ಲಿ ಫಲಿತಾಂಶ ಬಂದಾಗ, ಮಾಮೂಲಿ ಆರೈಕೆಗಿಂತ ಹೆಚ್ಚು ಲಾಭ ಕಾಣಲಿಲ್ಲ. ನನಗೆ ಬಹಳ ದುಃಖವಾಗಿತ್ತು. ಅದರಿಂದ ನಾನು ಕಲಿತದ್ದು ಇಷ್ಟು: ಮನೆಯವರು ಬೇಕೇ ಬೇಕು, ಆದರೆ ಮನೆಯವರ ಕೈಗೆ ಎಲ್ಲಾ ಒಪ್ಪಿಸಿ ಫಿಸಿಯೋ ದೂರ ಸರಿಯಬಾರದು. ಎರಡು ಲಕ್ಷದ ಬದಲು, ಆ ಗಂಗಾವತಿಯ ಫಿಸಿಯೋ ವಾರಕ್ಕೆ ನಾಲ್ಕು ಸಲ ಬರುವಂತೆ ಎರಡು ತಿಂಗಳು ಮಾಡಿ. 13 ಸಾವಿರದ ಆಸುಪಾಸು ಆಗುತ್ತದೆ. ಪ್ರತಿ ವಾರ ಯಾವುದನ್ನು ಕಷ್ಟ ಮಾಡಬೇಕು ಎಂದು ಅವರೇ ಹೇಳಲಿ, ನೀವು ಎಣಿಸಿ.

ಇನ್ನೊಂದು. ಮೊದಲ ದಿನದಿಂದಲೇ ವ್ಯಾಯಾಮ ಮಾಡಿಸಬೇಕಿತ್ತು ಎಂದು ಯಾರಾದರೂ ಚುಚ್ಚಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 2015ರ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲ 24 ತಾಸಿನೊಳಗೆ ಜೋರಾಗಿ ಎಬ್ಬಿಸಿ ನಡೆಸಿದವರಿಗೇ ಫಲ ಕಡಿಮೆ ಸಿಕ್ಕಿತು.

ಉತ್ತರ 2: ಬಳ್ಳಾರಿಯ ಟೈಲರ್

ನಾನು ಡಾಕ್ಟರಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳು. ಎರಡೂವರೆ ವರ್ಷದ ಹಿಂದೆ, 44ನೇ ವಯಸ್ಸಿಗೆ, ನನಗೇ ಲಕ್ವ ಹೊಡೆಯಿತು. ಬಿ.ಪಿ. ಇತ್ತು, ಮಾತ್ರೆ ಬಿಟ್ಟಿದ್ದೆ. ನನ್ನದು ಎಡಗೈ. ಎಡಗೈ ಅಲ್ವಾ, ಬಲಗೈ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಮಿಷನ್ ಮುಂದೆ ಕೂತವರಿಗೆ ಗೊತ್ತು, ಬಟ್ಟೆಗೆ ದಾರಿ ತೋರಿಸುವುದು ಎಡಗೈ. ದಪ್ಪ ಡೆನಿಮ್ ಆದರಂತೂ ಎರಡೂ ಕೈ ಬಿಗಿಯಾಗಿ ಹಿಡಿಯಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ತಪ್ಪು ನಾವೇ ಮಾಡಿದೆವು. ಹಿರಿಯರು ಪಾರಿವಾಳದ ರಕ್ತ ಹಚ್ಚಿದರೆ ಕೈಗೆ ಬಲ ಬರುತ್ತದೆ ಎಂದರು. ಹಚ್ಚಿ, ಕಂಬಳಿ ಹೊದಿಸಿ, ಕತ್ತಲೆ ಕೋಣೆಯಲ್ಲಿ ಒಂಬತ್ತು ದಿನ ಮಲಗಿಸಿದರು. ಗಾಳಿ ತಾಗಬಾರದಂತೆ. ಆ ಒಂಬತ್ತು ದಿನ ಕೈ ಅಲುಗಾಡಲಿಲ್ಲ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಆ ದಿನಗಳು ನನಗೆ ವಾಪಸ್ ಬರುವುದಿಲ್ಲ. ಯಾರಾದರೂ ನಿಮ್ಮ ಅಪ್ಪನಿಗೂ ಹೇಳಿದರೆ ಕೈ ಮುಗಿದು ಬೇಡ ಅನ್ನಿ. ಆಮೇಲೆ ಒಂದು ಕಡೆ ಸೇರಿದೆ. ಹೆಸರು ಬೇಡ. ಅಲ್ಲಿ ಹತ್ತು ಜನರನ್ನು ಸಾಲಾಗಿ ಕೂರಿಸಿ ಗಾಲಿ ಹಗ್ಗ ಎಳೆಸುತ್ತಿದ್ದರು. ಭುಜದ ನೋವಿಗೆ ಮೂರು ತಿಂಗಳು ಮಲಗಿದ ಕಡೆಯಿಂದ ಹೊರಳಲು ಆಗಲಿಲ್ಲ. ಮೇಲಿನ ಉತ್ತರದಲ್ಲಿ ಫಿಸಿಯೋ ಮೇಡಂ ಬರೆದದ್ದು ನನ್ನ ಮೈಮೇಲೆ ನಡೆದಿದೆ.

ನನ್ನ ಕೈ ತಿರುಗಿದ್ದು ಐದನೇ ತಿಂಗಳಿನಿಂದ. ಒಬ್ಬ ಚಿಕ್ಕ ವಯಸ್ಸಿನ ಫಿಸಿಯೋ ಹುಡುಗಿ ಮನೆಗೆ ಬಂದಳು. ಅರ್ಧ ತಾಸು ನನ್ನನ್ನು ಸುಮ್ನೆ ನೋಡಿದಳು. ಅಕ್ಕಾ, ನಿಮ್ಮ ಎಡಗೈಗೆ ಬರುತ್ತದೆ, ಆದರೆ ನೀವು ಅದನ್ನು ಕೇಳುತ್ತಿಲ್ಲ ಎಂದಳು. ಪಾಪ, ನನ್ನ ಬಲಗೈ ಎಲ್ಲಾ ಕೆಲಸ ತಾನೇ ಮಾಡಿಬಿಡುತ್ತಿತ್ತು. ಬಹಳ ದಿನ ಹಾಗೆ ಮಾಡಿದರೆ ಮೆದುಳು ಬಿದ್ದ ಕೈಯನ್ನು ಮರೆತುಬಿಡುವುದನ್ನೇ ಕಲಿಯುತ್ತದೆ ಎಂದು ವಿವರಿಸಿದಳು. ಅಮೆರಿಕದ ಅಲಬಾಮಾದ ಟೌಬ್ ಎನ್ನುವ ವಿಜ್ಞಾನಿ ಇದನ್ನು ಮೊದಲು ಕೋತಿಗಳಲ್ಲಿ ನೋಡಿದರಂತೆ. ಅದಕ್ಕೆ ಉಪಾಯ ಒಳ್ಳೆ ಕೈಯನ್ನು ಕಟ್ಟಿಹಾಕುವುದು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 222 ಜನರಲ್ಲಿ ಅರ್ಧ ಜನರಿಗೆ ಹಾಗೆ ಮಾಡಿಸಿದರು. ಎರಡು ವಾರ, ಎಚ್ಚರ ಇರುವ ಹೊತ್ತಿನಲ್ಲಿ 100ಕ್ಕೆ 90 ಪಾಲು ಒಳ್ಳೆ ಕೈಗೆ ಚೀಲ. ಒಂದು ವರ್ಷ ಆದ ಮೇಲೂ ಅವರ ಕೈ ಇನ್ನೊಂದು ಗುಂಪಿಗಿಂತ ಚೆನ್ನಾಗಿತ್ತು. ಅವರೆಲ್ಲ ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದವರು. ನನಗೆ ಐದು ತಿಂಗಳಾಗಿತ್ತು. ಅದನ್ನು ಕೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಆಸೆಯಿಂದ.

ನಾವು ಅಷ್ಟು ಕಠಿಣ ಮಾಡಲಿಲ್ಲ. ದಿನಕ್ಕೆ ಮೂರು ತಾಸು, ಆರು ವಾರ. ಬಿಸಿ ಪಾತ್ರೆ ಹಿಡಿಯುವ ಕೈಚೀಲವನ್ನು ನಾನೇ ಹೊಲಿದಿದ್ದೆ, ಡೆನಿಮ್ ತುಂಡಿನಲ್ಲಿ. ಅದನ್ನೇ ಬಲಗೈಗೆ ಹಾಕಿಕೊಂಡೆ. ಒಲೆ ಹತ್ತಿರ ಹೋಗುವಾಗ, ಸ್ನಾನಕ್ಕೆ, ಮೆಟ್ಟಿಲು ಇಳಿಯುವಾಗ ತೆಗೆಯಬೇಕು ಎಂದು ಆಕೆ ಕಟ್ಟುನಿಟ್ಟಾಗಿ ಹೇಳಿದ್ದಳು. ಮೊದಲ ದಿನ ಒಂದು ಚೂರು ರೊಟ್ಟಿ ಮುರಿಯಲು ಹತ್ತು ನಿಮಿಷ ಬೇಕಾಯಿತು. ತಟ್ಟೆ ಮುಂದೆ ಕೂತು ಅತ್ತೆ. ಮಗಳು ತಿನ್ನಿಸಲು ಬಂದಳು, ಬೇಡ ಎಂದೆ.

ಆಮೇಲೆ ಗುಂಡಿಗಳು. ಜೀನ್ಸಿನ ಹಿತ್ತಾಳೆ ಗುಂಡಿ, ರಿವಿಟ್ಟು, ಎಲ್ಲಾ ಕಲಸಿ ಒಂದು ತಟ್ಟೆಗೆ ಹಾಕುತ್ತಿದ್ದೆವು. ಎಡಗೈಯಿಂದ ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಮೊದಲು ದಿನಕ್ಕೆ 40. ಆರನೇ ವಾರಕ್ಕೆ 250. ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ಆ ನೋಟ್‌ಬುಕ್ಕು ಇನ್ನೂ ಇದೆ. ಬಟ್ಟೆ ಕ್ಲಿಪ್ಪುಗಳನ್ನು ಲೋಟದ ಅಂಚಿಗೆ ಸಿಕ್ಕಿಸುವುದು ಎಲ್ಲಕ್ಕಿಂತ ಕಷ್ಟ. ಎಲ್ಲಕ್ಕಿಂತ ಒಳ್ಳೆಯದು ರೊಟ್ಟಿ ಬಡಿಯುವುದು. ಎರಡೂ ಕೈಗೆ ಒಂದೇ ತಾಳ. ಎಡಗೈ ಅಂಗೈ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹಿಟ್ಟು ತಿರುಗಿಸಲೇಬೇಕು. ಮೊದಲು ಬರೀ ಹಿಟ್ಟು ನಾದಿದೆ, ಆಮೇಲೆ ಸಣ್ಣ ಉಂಡೆ ಬಡಿದೆ. ಅಂಚು ಹರಿದು ಹೋಗುತ್ತಿತ್ತು. ಶುರು ಮಾಡಿದ ಮೂರನೇ ತಿಂಗಳಿಗೆ ಒಂದು ದುಂಡನೆ ರೊಟ್ಟಿ ಹಂಚಿಗೆ ಬಿದ್ದಿತು. ಅದನ್ನು ಹರಿಯದೆ ಇಡೀದಾಗಿ ಪಕ್ಕದ ಮನೆಯವರಿಗೆ ತೋರಿಸಿ ಬಂದೆ.

ಈಗ ನಾನು ಮಿಷನ್ ಮೇಲೆ ಕೂರುತ್ತೇನೆ. ಮೊದಲಿನ ಅರ್ಧದಷ್ಟು ಪೀಸು ಹೊಲಿಯುತ್ತೇನೆ. ಎಡಗೈಯಿಂದ ಸೂಜಿಗೆ ದಾರ ಹಾಕಲು ಆಗುವುದಿಲ್ಲ, ಕಿರುಬೆರಳು ಹೆಬ್ಬೆರಳಿಗೆ ನಿಧಾನವಾಗಿ ಮುಟ್ಟುತ್ತದೆ. ಚಳಿಗೆ ಕೈ ಬಿಗಿಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ವಾ, ಅದಕ್ಕೇ ಬರೆದೆ.

ತಮ್ಮಾ, ಅವ್ವ ತಿನ್ನಿಸುವುದನ್ನು ನಿಲ್ಲಿಸಿ. ಅವರ ಜೀವ ತಡೆಯುವುದಿಲ್ಲ, ನನಗೆ ಗೊತ್ತು. ಆದರೂ ನಿಲ್ಲಿಸಿ. ಮತ್ತೆ ಅಪ್ಪ ಮಾತು ಕಡಿಮೆ ಮಾಡಿದ್ದಾರಾ, ಸುಮ್ನೆ ಗೋಡೆ ನೋಡುತ್ತಾರಾ ಗಮನಿಸಿ. ನಾನು ಎರಡು ತಿಂಗಳು ಹಾಗಿದ್ದೆ. ಸೋಮಾರಿತನ ಎಂದುಕೊಂಡರು. ಅದು ಖಿನ್ನತೆ. ಲಕ್ವ ಆದ ಮೂವರಲ್ಲಿ ಒಬ್ಬರಿಗೆ ಬರುತ್ತದಂತೆ. ಡಾಕ್ಟರ್ ಮಾತ್ರೆ ಕೊಟ್ಟ ಮೇಲೆ ನನಗೆ ಗುಂಡಿ ಎಣಿಸುವ ಮನಸ್ಸು ಬಂತು.

ಉತ್ತರ 3: ಸಿಂಧನೂರಿನ ಒಬ್ಬ ಹೆಂಡತಿ

ಅಕ್ಕನ ಕೈ ಬಂದದ್ದು ಓದಿ ಕಣ್ಣು ತುಂಬಿತು. ನಮ್ಮ ಯಜಮಾನರ ಕೈ ಬರಲಿಲ್ಲ. ಅದನ್ನೂ ಯಾರಾದರೂ ಬರೆಯಬೇಕು ಎಂದು ಬರೆಯುತ್ತಿದ್ದೇನೆ.

ಅವರಿಗೆ 51. ಒಂದೂವರೆ ವರ್ಷ ಆಯಿತು. ಕನ್ನಡಿ, ಕರೆಂಟು, ಎಲ್ಲಾ ಮಾಡಿಸಿದೆವು. ಬೆರಳು ಒಂದು ಸಲವೂ ಬಿಚ್ಚಲಿಲ್ಲ. ಒಳ್ಳೆ ಕೈ ಕಟ್ಟುವ ಚಿಕಿತ್ಸೆ ಕೇಳಿದಾಗ, ಮಣಿಕಟ್ಟು ಮತ್ತು ಬೆರಳು ಸ್ವಲ್ಪವಾದರೂ ಮೇಲೇಳದಿದ್ದರೆ ಅದು ಬರೀ ಹಿಂಸೆ ಎಂದು ಫಿಸಿಯೋ ಬೇಡ ಎಂದರು. ಈಗ ಅನ್ನಿಸುತ್ತದೆ, ಅವರು ನಿಜ ಹೇಳಿದ್ದೇ ಒಳ್ಳೆಯದಾಯಿತು.

ಬರದ ಕೈಗೂ ಕೆಲಸ ಬಹಳ ಇದೆ. ಮುದುಡಿದ ಅಂಗೈಯಲ್ಲಿ ಬೆವರು ಕೂತು ವಾಸನೆ, ಹುಣ್ಣು ಆಗುತ್ತದೆ. ನಮ್ಮ ಬಿಸಿಲಿಗೆ ಇನ್ನೂ ಬೇಗ. ದಿನಕ್ಕೆ ಎರಡು ಸಲ ಮಣಿಕಟ್ಟನ್ನು ಮೊದಲು ಒಳಗೆ ಬಗ್ಗಿಸಿ, ಆಮೇಲೆ ಬೆರಳು ಬಿಡಿಸುತ್ತೇನೆ. ಹಾಗೆ ಮಾಡಿದರೆ ಬೆರಳು ಸಲೀಸಾಗಿ ಬಿಚ್ಚುತ್ತವೆ. ತೊಳೆದು, ಒರೆಸಿ, ಮೆತ್ತನೆ ಬಟ್ಟೆ ಸುತ್ತಿ ಇಡುತ್ತೇನೆ. ಉಂಗುರ ತೆಗೆಸಿದೆವು. ಬಿಗಿತ ಬಹಳ ಆದಾಗ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿದೆವು. ಸುಮಾರು ಮೂರು ತಿಂಗಳು ಸಡಿಲ ಇತ್ತು. ಕೈಗೆ ಕೆಲಸ ಬರಲಿಲ್ಲ, ಆದರೆ ತೊಳೆಯಲು, ಅಂಗಿ ಹಾಕಲು ಸುಲಭ ಆಯಿತು. ನನಗೆ ಅದೇ ದೊಡ್ಡದು.

ಅವರು ಕಿರಾಣಿ ಅಂಗಡಿಗೆ ಮತ್ತೆ ಕೂರುತ್ತಾರೆ. ಬಿದ್ದ ಕೈಯನ್ನು ಬಿಲ್ ಪುಸ್ತಕದ ಮೇಲೆ ಇಡುತ್ತಾರೆ. ಪುಸ್ತಕ ಅಲುಗಾಡುವುದಿಲ್ಲ, ಇನ್ನೊಂದು ಕೈಯಿಂದ ಬರೆಯುತ್ತಾರೆ. ಆ ಕೈಯೂ ಅಂಗಡಿಗೆ ದುಡಿಯುತ್ತಿದೆ. ಅಂಗವಿಕಲರ ಕಾರ್ಡನ್ನೂ ಮಾಡಿಸಿದೆವು. ಅಂಗವೈಕಲ್ಯ 40 ಪ್ರತಿಶತ ಅಥವಾ ಹೆಚ್ಚು ಇದ್ದರೆ ಸರ್ಕಾರದ ಸೌಲಭ್ಯ ಕೇಳಬಹುದು. ಕಾರ್ಡು ಮಾಡಿಸಿದರೆ ಆಸೆ ಬಿಟ್ಟಂತೆ ಎಂದು ಒಂದು ವರ್ಷ ತಡ ಮಾಡಿದ್ದೆ. ಅದು ಬೇರೆ, ಇದು ಬೇರೆ.

ಮತ್ತೆ ಬರೆದದ್ದು: ಕಾರಟಗಿಯಿಂದ ಒಬ್ಬ ಮಗ, ಒಂಬತ್ತು ವಾರದ ನಂತರ

ಮೇಡಂ, ಅಕ್ಕಾ, ಸಿಂಧನೂರಿನ ಅಕ್ಕಾ, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಸುಗ್ಗಿ ನಡೆದಿದೆ.

ಹೈದರಾಬಾದ್‌ಗೆ ಹೋಗಲಿಲ್ಲ. ಹಗ್ಗ ಅವತ್ತೇ ರಾತ್ರಿ ಬಿಚ್ಚಿದೆ. ಸಂಬಂಧಿಕರು ಸಿಟ್ಟಾದರು. ಭುಜದ ನೋವು ಹೋಗಲು ನಾಲ್ಕು ವಾರ ಬೇಕಾಯಿತು. ಫಿಸಿಯೋಗೆ ನಿಮ್ಮ ಉತ್ತರ ಓದಿ ತೋರಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ವಾರಕ್ಕೆ ನಾಲ್ಕು ಸಲ ಬರುತ್ತೇನೆ, 350 ಕೊಡಿ ಎಂದರು.

ಖಾಲಿ ಲೋಟಕ್ಕೇ ಹನ್ನೆರಡು ದಿನ ಹೋಯಿತು. ಹಿಡಿಯುತ್ತಿದ್ದರು, ಬಿಡಲು ಆಗುತ್ತಿರಲಿಲ್ಲ. ಸಿಟ್ಟಿಗೆ ಒಂದು ದಿನ ಮೊರವನ್ನೇ ಒದ್ದರು. ಇಡೀ ಪಡಸಾಲೆಯಲ್ಲಿ ಭತ್ತ. ಅವ್ವ ಏನೂ ಅನ್ನಲಿಲ್ಲ, ಗುಡಿಸಿ ಮತ್ತೆ ಮೊರ ಮುಂದಿಟ್ಟಳು. ತಿನ್ನಿಸುವುದನ್ನೂ ಬಿಟ್ಟಳು. ಬಾಗಿಲ ಹಿಂದೆ ನಿಂತು ನೋಡುತ್ತಾಳೆ. ಐದನೇ ವಾರದಿಂದ ದಿನಕ್ಕೆ ಎರಡು ತಾಸು ಎಡಗೈಗೆ ಚೀಲ ಹಾಕುತ್ತಿದ್ದೇವೆ. ಈಗ ಅರ್ಧ ಪಾವು ಭತ್ತ ತುಂಬಿ ಸುರಿಯುತ್ತಾರೆ. ನಿನ್ನೆ 180 ಸಲ. ಶೇಂಗಾ ಕಾಯಿ ಎತ್ತುತ್ತಾರೆ, ಸುಲಿಯಲು ಆಗುವುದಿಲ್ಲ. ಅಂಗಿಯ ಕೆಳಗಿನ ಎರಡು ಗುಂಡಿ ಹಾಕುತ್ತಾರೆ. ಬೆರಳು ಸಂಜೆ ಹೊತ್ತಿಗೆ ಬಿಗಿಯುತ್ತವೆ. ಸಲಿಕೆ ಹಿಡಿಯುವುದು ಇನ್ನೂ ದೂರದ ಮಾತು.

ಮೊನ್ನೆ ವ್ಯಾಪಾರಿ ಬಂದಿದ್ದ. ಅಪ್ಪ ಮೊರದಿಂದ ಒಂದು ಹಿಡಿ ಭತ್ತವನ್ನು ಬಲಗೈಯಲ್ಲೇ ಎತ್ತಿ ಅವನ ಅಂಗೈಗೆ ಹಾಕಿದರು. ಅರ್ಧ ಕೆಳಗೆ ಚೆಲ್ಲಿತು. ವ್ಯಾಪಾರಿಗೆ ಗೊತ್ತಾಗಲಿಲ್ಲ, ಅವನು ಕಾಳು ಕಚ್ಚಿ ನೋಡುತ್ತಿದ್ದ. ನಾನು ಒಳಗೆ ಹೋಗಿಬಿಟ್ಟೆ.

ಈಗ ಅಪ್ಪನದು ಒಂದೇ ಹಟ, ನಾಳೆ ಕಟಾವು ಮಿಷನ್ ಬರುತ್ತದೆ, ನಾನೂ ಗದ್ದೆಗೆ ಬರುತ್ತೇನೆ ಎಂದು. ಕರೆದುಕೊಂಡು ಹೋಗಬಹುದಾ ಮೇಡಂ?

ಉತ್ತರ: ರಾಯಚೂರಿನ ಫಿಸಿಯೋಥೆರಪಿಸ್ಟ್

ಕರೆದುಕೊಂಡು ಹೋಗಿ. ಬಿಸಿಲು ಏರುವ ಮೊದಲು ಹೋಗಿ, ಬಿ.ಪಿ. ಮಾತ್ರೆ ನುಂಗಿಸಿಯೇ ಹೊರಡಿ. ಚೀಲ ಮನೆಯಲ್ಲೇ ಬಿಡಿ, ಕೋಲು ಹಿಡಿಯಲು ಎಡಗೈ ಬೇಕು. ಬದುವಿನ ಮೇಲೆ ನಡೆಸಬೇಡಿ, ಗಾಡಿ ದಾರಿಯಲ್ಲಿ ನಡೆಸಿ. ನೀವು ಅವರ ಬಲಗಡೆ ಇರಿ, ಸೊಂಟದ ಬೆಲ್ಟ್ ಹಿಡಿಯಿರಿ, ಕೈ ಹಿಡಿಯಬೇಡಿ. ಒಂದು ಕುರ್ಚಿ, ತೊಡೆ ಮೇಲಿಡಲು ಒಂದು ದಿಂಬು ಒಯ್ಯಿರಿ. ಕೂತ ಮೇಲೆ ತೆನೆ ಕೈಗೆ ಕೊಡಿ, ಬಲಗೈಯಿಂದ ಕಾಳು ಉದುರಿಸಲಿ. ಎಷ್ಟು ತೆನೆ ಆಯಿತು ಎಂದು ಎಣಿಸಿ, ಸಂಜೆ ಇಲ್ಲಿ ಬರೆಯಿರಿ.